ಹಳೇ ಪದ್ಮಿನಿಯ ಹಿಂದಿನ ಬೇರಿಂಗ್ ಬದಲಿಸುವ ಮೊದಲು ಇದನ್ನು ಓದಿ

ಪ್ರೀಮಿಯರ್ ಪದ್ಮಿನಿಯೋ ಹಳೇ ಫಿಯೆಟ್ 1100 ಕಾರೋ ಇಟ್ಟುಕೊಂಡವರು ದಯವಿಟ್ಟು ಪೂರ್ತಿ ಓದಿ. ಕಳೆದ ಜೂನ್‌ನಲ್ಲಿ ಮೂಲ್ಕಿ ದಾಟಿ ಪಡುಬಿದ್ರಿ ಕಡೆ ಹೋಗುವಾಗ ನಮ್ಮ ಕಾರಿನ ಎಡಗಡೆ ಹಿಂದಿನ ಚಕ್ರ, ಅದನ್ನು ತಿರುಗಿಸುವ ಶಾಫ್ಟ್ (ಉಕ್ಕಿನ ಸರಳು) ಸಮೇತ ಹೊರಗೆ ಬಂತು. ಪೂರ್ತಿ ಕಳಚಲಿಲ್ಲ. ನಾಲ್ಕು ಬೆರಳಿನಷ್ಟು ಹೊರಗೆ ಬಂದು, ಟಯರ್ ಮಡ್‌ಗಾರ್ಡಿಗೆ ಉಜ್ಜಿ ನಿಂತಿತು. ಹಿಂದಿನ ಸೀಟಿನಲ್ಲಿ ಅಮ್ಮ ಮತ್ತು ಮಗಳು ಇದ್ದರು. ಮಳೆ ಅಂತ ನಿಧಾನ ಹೋಗುತ್ತಿದ್ದೆ, ಇಲ್ಲದಿದ್ದರೆ ಏನಾಗುತ್ತಿತ್ತೋ ಯೋಚಿಸಲಿಕ್ಕೇ ಆಗುವುದಿಲ್ಲ.

ಶುರುವಾದದ್ದು ಏಪ್ರಿಲ್‌ನಲ್ಲಿ. ನಲ್ವತ್ತು ದಾಟಿದರೆ ಹಿಂದಿನಿಂದ ಗುಂಯ್ ಅಂತ ಶಬ್ದ. ಬೇರಿಂಗ್ ಹೋಗಿದೆ ಅಂತ ಗ್ಯಾರೇಜಿನವರು ಹೇಳಿದರು. ನಾನು ಮಂಗಳೂರಿನ ಒಂದು ಅಂಗಡಿಗೆ ಹೋಗಿ ಹಳೆಯದನ್ನು ತೋರಿಸಿದೆ. ಅವರು ಅದರ ಮೇಲಿದ್ದ ನಂಬರಿನ ಮೊದಲ ನಾಲ್ಕು ಅಂಕಿ ನೋಡಿ, "ಇದೇ, ಎಲ್ಲ ಒಂದೇ ಮಾರಾಯ್ರೆ" ಅಂತ ಕೊಟ್ಟರು. ಎಲ್ಲ ಒಂದೇ ಅಲ್ಲ! ಆ ನಾಲ್ಕು ಅಂಕಿ ಅಳತೆ ಹೇಳುತ್ತದೆ ಅಷ್ಟೇ, ಅದರ ಹಿಂದೆ ಇರುವ ಅಕ್ಷರಗಳಲ್ಲೇ ಉಳಿದ ವಿಷಯ ಇರುವುದು. ಟೂ ಆರ್‌ಎಸ್ ಅಂದರೆ ಎರಡೂ ಬದಿ ರಬ್ಬರ್ ಸೀಲ್, ಝಡ್‌ಝಡ್ ಅಂದರೆ ತಗಡಿನ ಮುಚ್ಚಳ, ಸಿ3 ಅಂದರೆ ಒಳಗೆ ಗುಂಡುಗಳಿಗೆ ಸ್ವಲ್ಪ ಜಾಸ್ತಿ ಸಡಿಲ. ನನ್ನ ಹಳೆಯದರಲ್ಲಿ ಸೀಲ್ ಇತ್ತು, ಅವರು ಕೊಟ್ಟದ್ದರಲ್ಲಿ ಇರಲಿಲ್ಲ. ಡಬ್ಬಿ ಮಾತ್ರ ದೊಡ್ಡ ಕಂಪೆನಿಯದ್ದು. ನಕಲಿ ಬೇರಿಂಗ್ ಬಹಳ ಬರುತ್ತದೆ, ಹಾಗಾಗಿ ಎಸ್‌ಕೆಎಫ್ ನಂಥ ಬೇರಿಂಗ್ ಕಂಪೆನಿಯವರು ಅಸಲಿಯೋ ಅಲ್ಲವೋ ನೋಡಲಿಕ್ಕೆ ಆ್ಯಪ್ ಇಟ್ಟಿದ್ದಾರೆ. ನಾನು ನೋಡಲಿಲ್ಲ, ಬಿಲ್ ಕೂಡ ಕೇಳಲಿಲ್ಲ.

ಆದರೆ ಚಕ್ರ ಹೊರಗೆ ಬಂದದ್ದು ಬೇರಿಂಗಿನಿಂದ ಅಲ್ಲ. ಈ ಕಾರುಗಳಲ್ಲಿ ಹಿಂದಿನ ಚಕ್ರವನ್ನು ಹಿಡಿದಿಡುವುದು ಶಾಫ್ಟ್ ಮೇಲೆ ಬಿಗಿಯಾಗಿ ಕೂತ ಬೇರಿಂಗ್ ಮತ್ತು ಅದರ ಹಿಂದೆ ಬಿಸಿ ಮಾಡಿ ಕೂರಿಸುವ ಒಂದು ಕಾಲರ್, ಅಂದರೆ ಉಕ್ಕಿನ ಬಳೆ. ಅಷ್ಟೇ, ಶಾಫ್ಟ್ ಮೇಲೆ ಬೇರಿಂಗನ್ನು ಹಿಡಿಯಲಿಕ್ಕೆ ನಟ್ಟು ಬೋಲ್ಟು ಏನೂ ಇಲ್ಲ. ಹಳೇ ಬೇರಿಂಗ್ ಜಾಮ್ ಆಗಿ ಅದರ ಒಳಗಿನ ರಿಂಗೇ ಶಾಫ್ಟ್ ಮೇಲೆ ತಿರುಗಿತ್ತು, ಹಾಗಾಗಿ ಶಾಫ್ಟ್ ಸವೆದಿತ್ತು. ಹೊಸದು ಕೈಯಲ್ಲೇ ಸಲೀಸಾಗಿ ಹೋಯಿತಂತೆ. ಮೆಕ್ಯಾನಿಕ್ ಶಾಫ್ಟ್ ಮೇಲೆ ಸುತ್ತ ಪಂಚ್‌ನಿಂದ (ಚೂಪು ಉಳಿ) ಚುಕ್ಕಿ ಹೊಡೆದು, ಅಂಚು ಉಬ್ಬಿಸಿ ಬಿಗಿ ಮಾಡಿ, ಹಳೇ ಕಾಲರನ್ನೇ ಸುತ್ತಿಗೆಯಲ್ಲಿ ಬಡಿದು ಕೂರಿಸಿದ. "ಎಂತ ಹೆದರಬೇಡಿ, ಗಟ್ಟಿ ಉಂಟು" ಅಂದ.

ಅಪಘಾತದ ಮೇಲೆ ಬೈಕಂಪಾಡಿಯಲ್ಲಿ ಲೇತ್ ಇಟ್ಟುಕೊಂಡ ಹಿರಿಯರೊಬ್ಬರು ಶಾಫ್ಟನ್ನು ಒರೆಸಿ ನನ್ನ ಕೈಗೆ ಕೊಟ್ಟರು. ಬೆರಳು ಸವರಿದರೆ ಸಿಡುಬಿನ ಕಲೆಯ ಹಾಗೆ ಚುಕ್ಕಿ, ಅವುಗಳ ತುದಿ ಎಲ್ಲ ಚಪ್ಪಟೆಯಾಗಿ ಹೊಳೆಯುತ್ತಿತ್ತು. ಮೈಕ್ರೋಮೀಟರ್ ಹಾಕಿದರು, ಬೇರಿಂಗಿನ ತೂತಿಗಿಂತ ಶಾಫ್ಟ್ 0.06 ಮಿ.ಮೀ. ಸಣ್ಣ. ಅದು ಕೂದಲೆಳೆ ದೊಡ್ಡದೇ ಇರಬೇಕಿತ್ತು, ಆಗ ಮಾತ್ರ ಬಿಗಿ. ವೆಲ್ಡಿಂಗ್ ಮಾಡಿ ತುಂಬಿಸುತ್ತೀರಾ ಕೇಳಿದೆ. "ಬೇಡ, ನಾಳೆ ಅಲ್ಲಿಯೇ ತುಂಡಾಗುತ್ತದೆ" ಅಂದರು. ಕೊನೆಗೆ ಸವೆಯದ ಇನ್ನೊಂದು ಶಾಫ್ಟ್ ಹುಡುಕಿ, ಪ್ರೆಸ್‌ನಲ್ಲಿ ಒಳ ರಿಂಗನ್ನು ಮಾತ್ರ ಒತ್ತಿ ಬೇರಿಂಗ್ ಕೂರಿಸಿ, ಹೊಸ ಕಾಲರ್ ಬಿಸಿ ಮಾಡಿ ಹಾಕಿದರು. ಅದು ಸದ್ದಿಲ್ಲದೆ ಜಾರಿ ಹೋಗಿ ತಣಿಯುತ್ತಾ ಹಿಡಿದುಕೊಂಡಿತು. ಸುತ್ತಿಗೆ ಮುಟ್ಟಲೇ ಇಲ್ಲ.

ನಿಮ್ಮಲ್ಲೂ ಹೀಗೆ ಮಾಡಿಸಿದ್ದರೆ ಜಾಕ್ ಹಾಕಿ ಚಕ್ರವನ್ನು ಹೊರಕ್ಕೆ ಜೋರಾಗಿ ಎಳೆದು ನೋಡಿ. ಟಕ್ ಅಂದರೆ, ಅಥವಾ ಬ್ರೇಕ್ ಡ್ರಮ್ಮಿನ ಕೆಳಗೆ ಗೇರ್ ಆಯಿಲ್ ಕಂಡರೆ, ಓಡಿಸಲೇಬೇಡಿ.

ನನ್ನ ಬಲಗಡೆಯದ್ದೂ ಅದೇ ಗ್ಯಾರೇಜಿನಲ್ಲಿ ಆಗಿತ್ತು. ಮರುದಿನ ಬಿಚ್ಚಿಸಿದೆ. ಅಲ್ಲೂ ಅದೇ ಪಂಚ್ ಚುಕ್ಕಿಗಳು.