ಪಾಳು ಕೊಟ್ಟಿಗೆ ಓದುವ ಕೋಣೆಯಾದದ್ದು: ನಮ್ಮೂರ ಗಾರೆ ತಂಡದ ಕೆಲಸ ಹೇಗಿದೆ?

ಸಾಗರ ತಾಲ್ಲೂಕಿನ ನಮ್ಮ ತೋಟದಂಚಿನಲ್ಲಿ ದನಗಳಿಲ್ಲದೆ ಪಾಳುಬಿದ್ದಿದ್ದ ಜಂಬಿಟ್ಟಿಗೆಯ (ಕೆಂಪು ಮುರಕಲ್ಲಿನ) ಕೊಟ್ಟಿಗೆಯನ್ನು, ಒಬ್ಬರೇ ಕೂತು ಓದಲು ಮತ್ತು ಬೇಕೆನಿಸಿದಾಗ ರಾತ್ರಿ ಮಲಗಲು ಸಾಲುವಂಥ ಕೋಣೆಯಾಗಿ ಮಾಡಿಕೊಟ್ಟವರು ಊರಿನದೇ ಒಂದು ಗಾರೆ ಮತ್ತು ಮರಗೆಲಸದ ತಂಡದವರು. ಹಳೆಯ ಗೋಡೆಯನ್ನು ಕೆಡವದೆ ಉಳಿಸಿಕೊಳ್ಳಬೇಕೆನ್ನುವವರಿಗೆ ಇಂಥವರನ್ನೇ ಹುಡುಕಿಕೊಳ್ಳಿ ಎಂದು ಮನಃಪೂರ್ವಕವಾಗಿ ಹೇಳುತ್ತೇನೆ.

ಕೊಟ್ಟಿಗೆಯ ನಿಜವಾದ ತೊಡಕು ಇರುವುದು ಗೋಡೆಯ ಬುಡದಲ್ಲಿ. ವರ್ಷಗಟ್ಟಲೆ ಗಂಜಲ ಇಂಗಿದ ಕಲ್ಲಿನಲ್ಲಿ ನೈಟ್ರೇಟ್ ಲವಣ ಸೇರಿಕೊಂಡಿರುತ್ತದೆ. ಅದು ಗಾಳಿಯ ತೇವವನ್ನು ಹೀರಿ, ಒಣಗುವಾಗ ಹರಳುಗಟ್ಟಿ ಉಬ್ಬಿ, ಕಲ್ಲಿನ ಮೈಯನ್ನೇ ಪುಡಿಪುಡಿಯಾಗಿ ಉದುರಿಸುತ್ತದೆ. ಮೊದಲು ಬಂದು ನೋಡಿದ ಗುತ್ತಿಗೆದಾರರೊಬ್ಬರು ಎರಡೂ ಬದಿಗೆ ಸಿಮೆಂಟ್ ಬಳಿದುಬಿಡೋಣ ಎಂದಿದ್ದರು. ಹಾಗೆ ಮಾಡಿದ್ದರೆ ಹೊರಹೋಗಲು ದಾರಿಯಿಲ್ಲದ ತೇವ ಗೋಡೆಯೊಳಗೇ ಮೇಲಕ್ಕೇರುತ್ತಿತ್ತು. ಈ ತಂಡದ ಮೇಸ್ತ್ರಿ ಉಗುರಿನಿಂದ ಕಲ್ಲನ್ನು ಕೆರೆದು, ಅಂಗೈಗೆ ಉದುರಿದ ಬಿಳಿ ಪುಡಿಯನ್ನು ತೋರಿಸಿ, "ಇದು ಇರೋ ತನಕ ಗೋಡೆಗೆ ಉಸಿರು ಕಟ್ಟಬಾರದು ಮಾರಾಯ್ರೆ" ಎಂದರು. ನೆಲದ ಗಂಜಲ ಕುಡಿದ ಮಣ್ಣನ್ನು ಅಗೆದು ಹೊರಹಾಕಿ, ತೀರ ಕೆಟ್ಟ ಕಲ್ಲುಗಳನ್ನಷ್ಟೇ ಬದಲಿಸಿ, ಸುಣ್ಣ ಮತ್ತು ಮರಳಿನ ಗಾರೆ ಬಳಿದರು. ಲವಣ ಆ ಗಾರೆಗೆ ಬಂದು ಸೇರುತ್ತದೆ, ಉದುರುವುದು ಗಾರೆಯೇ ಹೊರತು ಕಲ್ಲಲ್ಲ. ಆಗಾಗ ಕೆರೆದು ಮತ್ತೆ ಬಳಿಯಬೇಕಾಗುತ್ತದೆ ಎಂಬುದನ್ನು ಅವರು ಮುಚ್ಚಿಡದೆ ಮೊದಲೇ ತಿಳಿಸಿದ್ದು ನನಗೆ ಬಹಳ ಹಿಡಿಸಿತು.

ಮಾಡಿನ ಕೆಲಸವೂ ಅಚ್ಚುಕಟ್ಟು. ಹಳೆಯ ಮಂಗಳೂರು ಹೆಂಚುಗಳನ್ನು ಇಳಿಸಿ, ಒಂದೊಂದನ್ನೂ ತಟ್ಟಿ ನಾದ ಕೇಳಿ, ಬಿರುಕಿಲ್ಲದವನ್ನೇ ಮರಳಿ ಹೊದಿಸಿದರು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದಂದಿನಿಂದ ಬಳಕೆಗೆ ಬಂದ ಈ ಹೆಂಚಿನ ಅನುಕೂಲವೇ ಅದು: ಒಂದರ ಅಂಚು ಇನ್ನೊಂದಕ್ಕೆ ಕಚ್ಚಿಕೊಳ್ಳುವುದರಿಂದ ಒಡೆದದ್ದನ್ನಷ್ಟೇ ಬದಲಿಸಬಹುದು. ಹೊಸ ಪಕಾಸಿಗಳಿಗೆ, ಅಂದರೆ ಹೆಂಚು ಹೊರುವ ಇಳಿಜಾರಿನ ಮರಗಳಿಗೆ, ಗೆದ್ದಲು ಹಿಡಿಯದಂತೆ ಗೇರುಬೀಜದ ಸಿಪ್ಪೆಯ ಗೇರೆಣ್ಣೆ ಹಚ್ಚಿದ್ದಾರೆ. ಉತ್ತರದ ಇಳಿಜಾರಿಗೆ ಹಾಕಿದ ಗಾಜಿನ ಹೆಂಚುಗಳಿಂದ ಮೇಜಿನ ಮೇಲೆ ಓದಲು ತಕ್ಕ ಬೆಳಕು ಬೀಳುತ್ತದೆ.

ಬಾಗಿಲಿನ ವಿಷಯದಲ್ಲಿ ಮಾತ್ರ ಅಸಮಾಧಾನವಿದೆ. ಸರಿಯಾಗಿ ಒಣಗದ ಹಲಸಿನ ಹಲಗೆ ಮಳೆಗಾಲದಲ್ಲಿ ಉಬ್ಬಿ ಚೌಕಟ್ಟಿಗೆ ಸಿಕ್ಕಿಹಾಕಿಕೊಂಡಿತು. ಕರೆದಾಗ ಬಂದು ಉಜ್ಜಿಕೊಟ್ಟರಾದರೂ ಮರವನ್ನು ನೀವೇ ನೋಡಿ ಆರಿಸುವುದು ಒಳಿತು. ಸುಣ್ಣ ನೆನೆಯುವುದಕ್ಕೂ ಗಾರೆ ನಿಧಾನವಾಗಿ ಗಟ್ಟಿಯಾಗುವುದಕ್ಕೂ ಸಮಯ ಬೇಕಾದ್ದರಿಂದ ಇಂಥ ಕೆಲಸವನ್ನು ದೀಪಾವಳಿ ಕಳೆಯುತ್ತಿದ್ದಂತೆ ಒಪ್ಪಿಸಿಬಿಡಿ.