ಪ್ಲೇರೈಟ್‌ನ ಫೇಲ್ ಸ್ಕ್ರೀನ್‌ಶಾಟ್: ಕನ್ನಡ ವೆಬ್‌ಸೈಟ್ ಟೆಸ್ಟ್ ಮಾಡುವವರ ಕಣ್ಣಲ್ಲಿ

ಐದಕ್ಕೆ ನಾಲ್ಕು ಸ್ಟಾರ್.

ದಾವಣಗೆರೆಯ ಎಂಸಿಸಿ ಬಿ ಬ್ಲಾಕ್‌ನಲ್ಲಿ ನಮ್ಮದೊಂದು ಸಣ್ಣ ಆಫೀಸು. ಮೆಕ್ಕೆಜೋಳ, ಭತ್ತದ ವರ್ತಕರು ಲೆಕ್ಕ ಇಡುವ ವೆಬ್‌ಸೈಟ್ ಮಾಡುತ್ತೇವೆ. ಪೂರ್ತಿ ಕನ್ನಡದಲ್ಲಿದೆ. ಅದರ ಬ್ರೌಸರ್ ಟೆಸ್ಟ್‌ಗಳೆಲ್ಲ ನನ್ನ ಪಾಲಿಗೆ. ಬ್ರೌಸರನ್ನು ತಾನೇ ಓಡಿಸಿ ಸೈಟ್ ಪರೀಕ್ಷಿಸುವ ಟೂಲ್ ಆಗಿ ಮೊದಲು ಸೆಲೆನಿಯಂ ಇತ್ತು, ಆಮೇಲೆ ಮೈಕ್ರೋಸಾಫ್ಟ್ 2020ರಲ್ಲಿ ಬಿಟ್ಟ ಇಂಥದೇ ಟೂಲ್ ಪ್ಲೇರೈಟ್‌ಗೆ ಬಂದೆವು. ಸೆಲೆನಿಯಂನಲ್ಲೂ ಸ್ಕ್ರೀನ್‌ಶಾಟ್ ತೆಗೆಯಬಹುದು, ಆದರೆ ಫೇಲ್ ಆದಾಗ ತೆಗಿ ಅಂತ ಕೋಡ್ ನಾವೇ ಬರೆಯಬೇಕು. ಪ್ಲೇರೈಟ್‌ನಲ್ಲಿ ಕಾನ್ಫಿಗ್ ಫೈಲ್‌ನಲ್ಲಿ 'ಓನ್ಲಿ-ಆನ್-ಫೇಲ್ಯೂರ್' ಅಂತ ಒಂದು ಸಾಲು ಹಾಕಿದರೆ ಮುಗಿಯಿತು. ಫೇಲ್ ಆದ ಪ್ರತಿ ಟೆಸ್ಟಿಗೂ ಒಂದು ಚಿತ್ರ ಫೋಲ್ಡರಿಗೆ ಬಂದು ಬೀಳುತ್ತದೆ.

ಇದರ ನಿಜವಾದ ಬೆಲೆ ಗೊತ್ತಾಗುವುದು ಟೆಸ್ಟ್‌ಗಳು ದೂರದ ಸರ್ವರಿನಲ್ಲಿ, ಪರದೆಯೇ ಇಲ್ಲದೆ ಓಡುವಾಗ. 'ಪಾವತಿ ಮಾಡಿ' ಬಟನ್ ಒತ್ತುವ ಟೆಸ್ಟ್ ಸರ್ವರಿನಲ್ಲಿ ಪ್ರತಿ ರಾತ್ರಿ 30 ಸೆಕೆಂಡ್ ಕಾದು ಫೇಲ್ ಆಗುತ್ತಿತ್ತು. ಬಟನ್ ಮೇಲೆ ಇನ್ನೇನೋ ಅಡ್ಡ ಬಂದಿದೆ ಅಂತ ಲಾಗ್ (ಟೆಸ್ಟ್ ಓಡಿದ ದಾಖಲೆ) ಹೇಳುತ್ತಿತ್ತು. ನಮ್ಮ ಡೆವಲಪರ್ ಹುಡುಗನದ್ದು ಒಂದೇ ಮಾತು: 'ಅಕ್ಕಾ, ನನ್ನ ಮಷೀನಲ್ಲಿ ಪಾಸ್ ಆಗ್ತೈತಿ ನೋಡ್ರಿ.' ಅವನು ಸುಳ್ಳು ಹೇಳುತ್ತಿರಲಿಲ್ಲ.

ಸ್ಕ್ರೀನ್‌ಶಾಟ್ ತೆರೆದು ನೋಡಿದರೆ ಪುಟದ ತುಂಬ ಖಾಲಿ ಚೌಕಗಳು. ಒಂದು ಕನ್ನಡ ಅಕ್ಷರವೂ ಇಲ್ಲ. ಗಾತ್ರ ಚಿಕ್ಕದಿರಲಿ ಅಂತ ಸರ್ವರಿನಲ್ಲಿ ಇಟ್ಟುಕೊಂಡಿದ್ದ ಆ ಲಿನಕ್ಸ್‌ನಲ್ಲಿ ಕನ್ನಡ ಫಾಂಟೇ ಇರಲಿಲ್ಲ. ಫಾಂಟ್ ಇಲ್ಲದಿದ್ದರೆ ಒತ್ತಕ್ಷರ, ಗುಣಿತ ಯಾವುದೂ ಕೂಡಿಕೊಳ್ಳುವುದಿಲ್ಲ, ಎಲ್ಲವೂ ಬಿಡಿಬಿಡಿಯಾಗಿ ನಿಲ್ಲುತ್ತವೆ. 'ಸಮ್ಮತಿ' ನಮಗೆ ಮೂರು ಅಕ್ಷರ, ಅಲ್ಲಿ ಆರು ಚೌಕ. ಹಾಗಾಗಿ ಪುಟದ ಕೆಳಗೆ ಕುಕೀಗೆ ಒಪ್ಪಿಗೆ ಕೇಳುವ ಪಟ್ಟಿಯ ಎರಡು ಸಾಲಿನ ಬರಹ ನಾಲ್ಕು ಸಾಲಾಗಿ ಉಬ್ಬಿ, ಮೇಲಿದ್ದ ಪಾವತಿ ಬಟನ್ನನ್ನೇ ನುಂಗಿತ್ತು. ಡೆಬಿಯನ್‌ನಲ್ಲಿ ಸಿಗುವ ಗುಬ್ಬಿ ಫಾಂಟ್ ಹಾಕಿದೆವು, ಟೆಸ್ಟ್ ಪಾಸ್ ಆಯಿತು. ಬರೀ ಲಾಗ್ ಓದುತ್ತಾ ಕೂತಿದ್ದರೆ ಫಾಂಟ್ ಕಡೆಗೆ ಯಾರ ತಲೆ ಓಡುತ್ತಿತ್ತು ಹೇಳಿ?

ಹಾಗಂತ ವರ್ತಕರು ತಮ್ಮ ಮೊಬೈಲಲ್ಲಿ ದೊಡ್ಡ ಅಕ್ಷರ ಇಟ್ಟುಕೊಂಡರೂ ಇದೇ ಕಥೆ ಆಗಬಹುದಲ್ವಾ? ಅದಕ್ಕೆ ಕುಕೀ ಪಟ್ಟಿಯ ಜಾಗವನ್ನೂ ಬದಲಾಯಿಸಿದೆವು.

ತಾರೀಖಿನ ತಕರಾರೂ ಚಿತ್ರದಲ್ಲೇ ಸಿಕ್ಕಿತು. ರಾತ್ರಿ ಎರಡು ಗಂಟೆಗೆ ಓಡುವ ಟೆಸ್ಟಿನ ಚಿತ್ರದಲ್ಲಿ ಬಿಲ್ಲಿನ ಮೇಲೆ ನಿನ್ನೆಯ ತಾರೀಖು. ಸರ್ವರಿನ ಗಡಿಯಾರ ಯುಟಿಸಿ ಅನ್ನುವ ಜಾಗತಿಕ ಸಮಯದ್ದು, ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಟೆಸ್ಟಿನ ಟೈಮ್‌ಝೋನ್ 'ಏಷ್ಯಾ/ಕೋಲ್ಕತಾ' ಅಂತ ಕೊಟ್ಟಮೇಲೆ ಸರಿಹೋಯಿತು.

ಇನ್ನು ಆ ಹೋದ ಒಂದು ಸ್ಟಾರ್ ವಿಷಯ. ಚಿತ್ರ ತೆಗೆಯುವುದು ಟೆಸ್ಟ್ ಸೋತ ಮೇಲೆ. ಒಂದು ಬರಹ ಕಾಣಲೇಬೇಕು ಅಂತ ಪರೀಕ್ಷಿಸುವ ಎಕ್ಸ್‌ಪೆಕ್ಟ್ ಸಾಲು ಬರೆದರೆ, ಬೇರೆ ಹೇಳದಿದ್ದರೆ ಅದು 5 ಸೆಕೆಂಡ್ ಕಾಯುತ್ತದೆ. ನಮ್ಮ ಸೈಟಿನಲ್ಲಿ 'ಉಳಿಸಲು ಆಗಲಿಲ್ಲ' ಅನ್ನುವ ಕೆಂಪು ಸಂದೇಶ ಮೂರು ಸೆಕೆಂಡಿಗೇ ಮಾಯ. ಚಿತ್ರದಲ್ಲಿ ಪುಟ ಸಾಫಾಗಿ, ಏನೂ ಆಗಿಲ್ಲ ಅನ್ನುವ ಹಾಗೆ ಕೂತಿರುತ್ತದೆ. ಕಳ್ಳ ಹೋದಮೇಲೆ ಬಂದ ಪೊಲೀಸರ ಹಾಗೆ. ಜೊತೆಗೆ, ಬ್ರೌಸರಿನ ಅಲರ್ಟ್ ಪೆಟ್ಟಿಗೆ, ಬ್ರೌಸರಿನದೇ ಡ್ರಾಪ್‌ಡೌನ್ ಬಿಚ್ಚಿಕೊಂಡಾಗಿನ ಪಟ್ಟಿ ಇವು ಪುಟದ ಭಾಗವಲ್ಲ, ಹಾಗಾಗಿ ಚಿತ್ರದಲ್ಲಿ ಬರುವುದಿಲ್ಲ. ಇದು ಗೊತ್ತಿಲ್ಲದ ಹೊಸಬರು 'ಪಟ್ಟಿ ತೆರೆದೇ ಇಲ್ಲ' ಅಂತ ಬಗ್ ಬರೆದುಬಿಡುತ್ತಾರೆ.

ಇಂಥ ಜಾಗದಲ್ಲಿ ಟ್ರೇಸ್ ಬೇಕೇ ಬೇಕು. ಅದರಲ್ಲಿ ಪ್ರತಿ ಕ್ಲಿಕ್ಕಿನ ಹಿಂದೆ, ಮುಂದೆ ಪುಟ ಹೇಗಿತ್ತು, ಸರ್ವರಿಗೆ ಏನು ಹೋಯಿತು, ಏನು ಬಂತು ಎಲ್ಲ ಇರುತ್ತದೆ. ಮೇಲಿನ ಕೆಂಪು ಸಂದೇಶ ಸಿಕ್ಕಿದ್ದು ಅಲ್ಲೇ, ಪಕ್ಕದಲ್ಲೇ ಸರ್ವರಿನ ಕಡೆ ತಪ್ಪಾಗಿದೆ ಅನ್ನುವ 500 ಎರರ್ ಸಮೇತ. ಎಲ್ಲ ಟೆಸ್ಟಿಗೂ ಟ್ರೇಸ್ ಹಾಕಿದರೆ ಓಟ ನಿಧಾನ, ಫೈಲೂ ಭಾರ. ನಾನು 'ಆನ್-ಫಸ್ಟ್-ರಿಟ್ರೈ' ಇಟ್ಟಿದ್ದೇನೆ: ಒಮ್ಮೆ ಫೇಲ್ ಆಗಿ ಮತ್ತೆ ಓಡುವಾಗ ಮಾತ್ರ ಟ್ರೇಸ್. ರಿಟ್ರೈ ಸಂಖ್ಯೆ ಸೊನ್ನೆ ಇದ್ದರೆ ಇದು ಕೆಲಸ ಮಾಡುವುದಿಲ್ಲ, ನೆನಪಿರಲಿ. ಎರಡನೇ ಓಟದಲ್ಲಿ ಪಾಸ್ ಆಗಿಬಿಡುವ ಚಂಚಲ ಟೆಸ್ಟ್‌ಗಳಿಗೆ ಪ್ರತಿ ಓಟದ ಟ್ರೇಸ್ ತೆಗೆದು ಫೇಲ್ ಆದವನ್ನು ಮಾತ್ರ ಉಳಿಸುವ 'ರಿಟೇನ್-ಆನ್-ಫೇಲ್ಯೂರ್' ವಾಸಿ.

ಎರಡು ಚಿತ್ರ ಹೋಲಿಸಿ ವ್ಯತ್ಯಾಸ ಹಿಡಿಯುವ ಸೌಲಭ್ಯವೂ ಇದೆ. ನಮಗೆ ಅಷ್ಟಾಗಿ ಒಗ್ಗಲಿಲ್ಲ. ವಿಂಡೋಸ್‌ನಲ್ಲಿ ತೆಗೆದ ಮೂಲ ಚಿತ್ರ ಲಿನಕ್ಸ್‌ಗೆ ನಡೆಯುವುದಿಲ್ಲ, ಅಕ್ಷರ ಮೂಡಿಸುವ ರೀತಿಯೇ ಬೇರೆ. ದಿನಾ ಬದಲಾಗುವ ಧಾರಣೆಯ ಅಂಕಿಗಳನ್ನು ಹೋಲಿಕೆಗೆ ಸಿಗದ ಹಾಗೆ ಮುಚ್ಚಿದರೆ (ಮಾಸ್ಕ್) ಅಲ್ಲೆಲ್ಲ ಗುಲಾಬಿ ಬಣ್ಣದ ಪೆಟ್ಟಿಗೆ. ನಮ್ಮ ಪುಟದಲ್ಲಿ ಅಂಕಿ ಬಿಟ್ಟರೆ ಉಳಿಯುವುದೇ ಕಡಿಮೆ.

ಬಳಸುವವರಿಗೆ ಇನ್ನೆರಡು ಮಾತು. ಚಿತ್ರವನ್ನು ಸುಮ್ನೆ ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಬೇಡಿ, ಒತ್ತಕ್ಷರಗಳು ಮಸುಕಾಗುತ್ತವೆ, ಡಾಕ್ಯುಮೆಂಟ್ ಆಗಿ ಕಳಿಸಿ. ಮತ್ತೆ, ಟೆಸ್ಟಿಗೆ ನಿಜವಾದ ಗ್ರಾಹಕರ ಹೆಸರು, ಫೋನ್ ನಂಬರ್ ಹಾಕಲೇಬೇಡಿ. ಕೋಡ್ ಇಟ್ಟು ಟೆಸ್ಟ್ ಓಡಿಸುವ ಗಿಟ್‌ಹಬ್‌ನಲ್ಲಿ ಇಂಥ ಫೈಲ್‌ಗಳು, ನಾವು ಬದಲಾಯಿಸದಿದ್ದರೆ, 90 ದಿನ ಉಳಿಯುತ್ತವೆ. ನಾವು ಅದನ್ನು 7ಕ್ಕೆ ಇಳಿಸಿದ್ದೇವೆ. ಒಂದು ವಾರದಲ್ಲಿ ನೋಡದ ಫೇಲ್ ಚಿತ್ರವನ್ನು ಆಮೇಲೆ ಯಾರೂ ನೋಡುವುದಿಲ್ಲ ಬಿಡಿ.