ಶಾಲೆಯ ದೂರು ಪೆಟ್ಟಿಗೆ: ತಗಡು ಗಟ್ಟಿ, ಜಾಗ ತಪ್ಪು

ಗಂಗಾವತಿಯಲ್ಲಿ ನನ್ನದು ವೆಲ್ಡಿಂಗ್ ಶಾಪ್. ಗೇಟು, ಗ್ರಿಲ್, ರೈಸ್ ಮಿಲ್ಲಿನವರ ಸಣ್ಣಪುಟ್ಟ ರಿಪೇರಿ. ಹಾಗಾಗಿ ಮಗಳ ಶಾಲೆಯ ದೂರು ಪೆಟ್ಟಿಗೆಯನ್ನು ಮೊದಲು ಕೆಲಸಗಾರನಾಗಿಯೇ ನೋಡಿದೆ. 20 ಗೇಜಿನ ತಗಡು. ಮೂಲೆಗಳಲ್ಲಿ ವೆಲ್ಡಿಂಗ್ ನೀಟಾಗಿದೆ. ಕೊಂಡಿ ಗಟ್ಟಿ, ಬೀಗ ಒಳ್ಳೆಯದು. ಕೆಂಪು ಬಣ್ಣ, ಬಿಳಿ ಅಕ್ಷರ. ಬರೀ ಪೆಟ್ಟಿಗೆ ಅಂತ ನೋಡಿದರೆ ಐದಕ್ಕೆ ಐದು.

ಆದರೆ ಗೋಡೆಗೆ ಹೊಡೆದ ಜಾಗ? ಹೆಡ್‌ಮೇಡಂ ಕೋಣೆಯ ಪಕ್ಕ, ನೋಟಿಸ್ ಬೋರ್ಡಿನ ಮೇಲೆ. ಚೀಟಿ ಹಾಕುವ ಸೀಳು ನನ್ನ ತಲೆಗೆ ಸಮ. ಶಾಲೆ ಇರುವುದು ಒಂದರಿಂದ ಐದನೇ ತರಗತಿವರೆಗೆ. ಮೂರನೇ ತರಗತಿಯ ನನ್ನ ಮಗಳು ತುದಿಗಾಲಲ್ಲಿ ನಿಂತರೂ ಎಟುಕುವುದಿಲ್ಲ. ಇದು ಇನ್‌ಸ್ಪೆಕ್ಷನ್‌ಗೆ ಬಂದವರಿಗೆ ಕಾಣಲಿ ಅಂತ ಹೊಡೆದದ್ದು ಅಂತ ನನ್ನ ಅಂದಾಜು. (ಶಾಲೆಯ ಹೆಸರು ಬರೆಯುವುದಿಲ್ಲ. ಮಗಳು ಅಲ್ಲೇ ಓದುತ್ತಿದ್ದಾಳೆ.)

ವಿಷಯ ಏನಂದರೆ, ಶಾಲೆ ವ್ಯಾನಿನಲ್ಲಿ ಐದನೇ ತರಗತಿಯ ಮೂವರು ಇವಳನ್ನು ‘ಗುಜರಿ’ ಅಂತ ಕರೆಯುತ್ತಿದ್ದರು. ಅಪ್ಪ ಕಬ್ಬಿಣದ ಕೆಲಸ ಮಾಡುತ್ತಾನಲ್ಲ, ಅದಕ್ಕೆ. ಮೊದಲು ಬರೀ ಹೆಸರಿಡುವುದು. ಆಮೇಲೆ ಸೀಟು ಕೊಡದೆ ನಿಲ್ಲಿಸುವುದು, ಬಾಟಲಿಯ ನೀರು ಕಿಟಕಿಯಿಂದ ಚೆಲ್ಲುವುದು. ಮನೆಯಲ್ಲಿ ಅವಳು ಹೇಳುತ್ತಿದ್ದದ್ದು ಹೊಟ್ಟೆನೋವು ಅಂತ ಮಾತ್ರ. ಸೋಮವಾರ ಜಾಸ್ತಿ, ಭಾನುವಾರ ಇಲ್ಲವೇ ಇಲ್ಲ. ನನ್ನ ಹೆಂಡತಿಗೆ ಅಲ್ಲೇ ಅನುಮಾನ ಬಂತು.

ತೊಂದರೆ ಇದ್ದರೆ ಬರೆದು ಪೆಟ್ಟಿಗೆಗೆ ಹಾಕಿ ಅಂತ ಟೀಚರ್ ಹೇಳಿದ್ದರಂತೆ. ಇವಳು ಬರೆದಳು. ಎಟುಕಲಿಲ್ಲ. ಅಲ್ಲೇ ಹೋಗುತ್ತಿದ್ದ ದೊಡ್ಡ ಹುಡುಗನ ಕೈಗೆ ‘ಅಣ್ಣಾ, ಇದನ್ನ ಹಾಕು’ ಅಂತ ಕೊಟ್ಟಳು. ಅವನು ಬಿಡಿಸಿ ಓದಿದ. ಸಂಜೆ ಹೊತ್ತಿಗೆ ಇಡೀ ವ್ಯಾನಿಗೆ ಗೊತ್ತಾಗಿತ್ತು.

ನಾವಿಬ್ಬರೂ ಶಾಲೆಗೆ ಹೋದೆವು. ‘ಹುಡುಗರಲ್ಲಿ ಇವೆಲ್ಲ ಇರ್ತಾವ್ರಿ’ ಅಂದರು ಆಫೀಸಿನವರು. ‘ಅದಕ್ಕ ಅಲ್ಲೇನ್ರಿ ಡಬ್ಬಿ ಇಟ್ಟಿದ್ದು?’ ಅಂದಳು ನನ್ನ ಹೆಂಡತಿ. ಬೀಗದ ಕೈ ಹುಡುಕಿದರು. ಅದು ಸಿಗುವುದಕ್ಕೇ ಅರ್ಧ ಗಂಟೆ. ಒಳಗೆ ಚಾಕ್ಲೇಟ್ ಕಾಗದ, ಮುರಿದ ಪೆನ್ಸಿಲ್, ಜೊತೆಗೆ ಹಿಂದಿನ ವರ್ಷವೇ ಐದನೇ ತರಗತಿ ಮುಗಿಸಿ ಹೋದ ಹುಡುಗಿಯೊಬ್ಬಳ ಚೀಟಿ. ಅದನ್ನು ಓದಿದ ಮೇಲೆ ಹೆಡ್‌ಮೇಡಂ ಧಾಟಿಯೇ ಬದಲಾಯಿತು. ನಮಗೆ ತೋರಿಸಲಿಲ್ಲ, ಅದು ಸರಿಯೇ.

ಪೆಟ್ಟಿಗೆ ಕಿತ್ತು ಶಾಪಿಗೆ ತಂದೆ. ಒಳಗಡೆ ಇಳಿಜಾರಾಗಿ ಒಂದು ಪಟ್ಟಿ ಕೂರಿಸಿದೆ. ಸಣ್ಣ ಕೈ ತೂರಿಸಿದರೂ ಚೀಟಿ ವಾಪಸ್ ಬರಬಾರದು. ಈಗ ಅದು ನಲ್ಲಿಗಳಿಗೆ ಹೋಗುವ ದಾರಿಯಲ್ಲಿದೆ, ನೆಲದಿಂದ ಮೂರಡಿಗೆ. ಆಫೀಸ್ ಕಿಟಕಿಗೆ ಕಾಣುವುದಿಲ್ಲ. ನೀರು ಕುಡಿಯಲು ಎಲ್ಲರೂ ಹೋಗುತ್ತಾರೆ, ಯಾರು ಚೀಟಿ ಹಾಕಿದರು ಅಂತ ಯಾರೂ ಗಮನಿಸುವುದಿಲ್ಲ. ಬೀಗ ಎರಡು. ಒಂದರ ಕೈ ಟೀಚರ್ ಬಳಿ, ಇನ್ನೊಂದರದು ಪಾಲಕರ ಪೈಕಿ ಒಬ್ಬ ತಾಯಿಯ ಬಳಿ. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ, ಅಂದರೆ ಶಾಲೆಯ ಉಸ್ತುವಾರಿ ಸಮಿತಿ, ಇರುತ್ತದೆ, ಅದರಲ್ಲಿ ಮುಕ್ಕಾಲು ಪಾಲು ಪಾಲಕರೇ. ನಮ್ಮದರಂಥ ಅನುದಾನವಿಲ್ಲದ ಖಾಸಗಿ ಶಾಲೆಗೆ ಆ ಕಡ್ಡಾಯ ಇಲ್ಲ. ಅದಕ್ಕೇ ಎರಡನೇ ಬೀಗಕ್ಕೆ ನಾವು ಹಠ ಹಿಡಿದದ್ದು. ಪ್ರತಿ ಶುಕ್ರವಾರ ಇಬ್ಬರೂ ಸೇರಿ ತೆಗೆಯುತ್ತಾರೆ, ಏನು ಬಂತು, ಏನು ಮಾಡಿದೆವು ಅಂತ ರಿಜಿಸ್ಟರಿನಲ್ಲಿ ಬರೆಯುತ್ತಾರೆ.

ಬರೆಯಲು ಬಾರದ ಸಣ್ಣವರು ಚಿತ್ರ ಬಿಡಿಸಿ ಹಾಕಬಹುದು. ಇದು ಒಂದನೇ ತರಗತಿಯ ಮಿಸ್ ಐಡಿಯಾ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಒಬ್ಬ ಹುಡುಗ ಬರೀ ಟಾಯ್ಲೆಟ್ ಬಾಗಿಲು ಬಿಡಿಸಿ ಹಾಕಿದ್ದ. ವಿಚಾರಿಸಿದರೆ, ದೊಡ್ಡ ಹುಡುಗರು ಹೊರಗಿನಿಂದ ಚಿಲಕ ಹಾಕಿ ಓಡಿಹೋಗುತ್ತಿದ್ದರು. ಆ ಚಿಲಕವನ್ನು ಅವತ್ತೇ ನಾನು ಕತ್ತರಿಸಿ ತೆಗೆದೆ.

ವ್ಯಾನಿನ ಮೂವರನ್ನು ಒಬ್ಬೊಬ್ಬರನ್ನಾಗಿ ಕರೆದು ಮಾತಾಡಿದರು. ಇವಳ ಎದುರು ನಿಲ್ಲಿಸಿ ‘ಸಾರಿ ಹೇಳು’ ಅನ್ನಲಿಲ್ಲ. ಒಳ್ಳೆಯದೇ ಆಯ್ತು, ಇಲ್ಲದಿದ್ದರೆ ಆ ಸಿಟ್ಟೆಲ್ಲ ವ್ಯಾನಿನಲ್ಲಿ ಇವಳ ಮೇಲೇ ಬರುತ್ತಿತ್ತು. ಒಬ್ಬನ ಅಪ್ಪ ‘ನಾಲ್ಕು ಬಿಗೀರಿ’ ಅಂದರಂತೆ. ಟೀಚರ್ ಒಪ್ಪಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದೆ. ಕಾಟ ಕೊಟ್ಟವನೂ ಮಗುವೇ ಅಲ್ವಾ.

ಈ ಪೆಟ್ಟಿಗೆಗೆ ಬಿಡಬಾರದ ವಿಷಯಗಳೂ ಇವೆ. ದೊಡ್ಡವರೇ ಹೊಡೆದರೆ, ಯಾರಾದರೂ ಕೆಟ್ಟದಾಗಿ ಮೈ ಮುಟ್ಟಿದರೆ ಶುಕ್ರವಾರದವರೆಗೆ ಕಾಯಬೇಡಿ. 1098, ಮಕ್ಕಳ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡು ಹೋಗುವುದಿಲ್ಲ, ಮಗುವೇ ಫೋನ್ ಮಾಡಬಹುದು. ಪೆಟ್ಟಿಗೆಯ ಮೇಲೆ ಆ ನಂಬರನ್ನು ನಾನೇ ಹಳದಿ ಬಣ್ಣದಲ್ಲಿ ಬರೆದಿದ್ದೇನೆ. ಲೈಂಗಿಕ ಕಿರುಕುಳವಾದರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ಗೊತ್ತಿದ್ದವರು ಪೊಲೀಸರಿಗೆ ತಿಳಿಸಲೇಬೇಕು. ‘ನಮ್ಮಲ್ಲೇ ಬಗೆಹರಿಸ್ತೀವಿ’ ಅನ್ನುವ ಹಾಗಿಲ್ಲ. ಕೈಕೆಳಗಿನವರು ಮಾಡಿದ್ದನ್ನು ತಿಳಿಸದೆ ಮುಚ್ಚಿಟ್ಟರೆ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲಾಗಬಹುದು.

ಕೊರತೆ ಇನ್ನೂ ಇದೆ. ಚೀಟಿ ಹಾಕಿದ ಮಗುವಿಗೆ ‘ನೋಡಪ್ಪಾ, ಹೀಗೆ ಮಾಡಿದೆವು’ ಅಂತ ಹೇಳುವುದನ್ನು ಎಷ್ಟೋ ಸಲ ಮರೆಯುತ್ತಾರೆ. ವ್ಯಾನಿನಲ್ಲಿ ಆಯಾ ಇಲ್ಲ. ಡ್ರೈವರ್ ರಸ್ತೆ ನೋಡುವುದೋ, ಹಿಂದಿನ ಸೀಟು ನೋಡುವುದೋ? ಫೀಸು ಕಟ್ಟುವಾಗ ಕೇಳಿದರೆ ‘ಮುಂದಿನ ವರ್ಷ ನೋಡೋಣ್ರಿ’ ಅಂದರು. ಸದ್ಯಕ್ಕೆ ಪೆಟ್ಟಿಗೆಗೆ ನಾಲ್ಕು ಸ್ಟಾರ್, ವ್ಯಾನಿಗೆ ಒಂದು.